ನಲವತ್ತೇಳು ಬಟ್ಟಲು ನೀರು

ಕೊಡೆ ರಿಪೇರಿಯ ಕೊ ಸಾನ್ ತನ್ನ ವಯಸ್ಸು ಮೂವತ್ತೊಂಬತ್ತು ಎಂದು ಹೂ ಮಾರುವ ಮ ಖಿನ್ ಸೀಗೆ ಹೇಳಿದ್ದೇ ಎಲ್ಲಕ್ಕೂ ಮೂಲ. ನಿಜವಾದ ಲೆಕ್ಕ ನಲವತ್ತಾರು.

ಮದುವೆಯ ಮಾತು ಎತ್ತಿದಾಗ ಆಕೆ ಮಲ್ಲಿಗೆ ಪೋಣಿಸುತ್ತಲೇ ಅಂದಿದ್ದಳು: "ಹುಣ್ಣಿಮೆ ದಿನ ಪಗೋಡಕ್ಕೆ ಬಾ. ನಿನ್ನ ವಾರದ ಬುದ್ಧನಿಗೆ ನೀರೆರೆ. ಆಮೇಲೆ ನನ್ನ ಉತ್ತರ ಹೇಳ್ತೀನಿ."

ಐರಾವತಿ ನದಿಯ ದಂಡೆಯ ಆ ಊರಿನಲ್ಲಿ ಹುಟ್ಟಿದ ವಾರ ಒಂದೊಂದಕ್ಕೂ ಪಗೋಡದ ಸುತ್ತ ಒಂದು ಮೂಲೆ, ಅದಕ್ಕೊಂದು ಪ್ರಾಣಿಯ ಗುರುತು, ಒಬ್ಬ ಬುದ್ಧ. ವಯಸ್ಸು ಎಷ್ಟೋ ಅಷ್ಟು ಬಟ್ಟಲು ನೀರು, ಬರುವ ವರ್ಷಕ್ಕೆಂದು ಇನ್ನೊಂದು. ಮಂಗಳವಾರ ಹುಟ್ಟಿದ ಕೊ ಸಾನ್ ಸಿಂಹದ ಮೂಲೆಯಲ್ಲಿ ಬಟ್ಟಲು ಹಿಡಿದು ನಿಂತಾಗ ಅವನಿಗೆ ಹೊಳೆಯಿತು: ನಲವತ್ತಕ್ಕೆ ನಿಲ್ಲಿಸಿದರೆ ಪೂಜೆ ಸುಳ್ಳು, ನಲವತ್ತೇಳಕ್ಕೆ ಹೋದರೆ ಮದುವೆ ಸುಳ್ಳು. ಪಕ್ಕದ ಹುಲಿಯ ಮೂಲೆಯಲ್ಲೇ ಹೂಬುಟ್ಟಿ ಇಟ್ಟುಕೊಂಡು ಮ ಖಿನ್ ಸೀ ಕೂತಿದ್ದಳು.

ಕಸ ಗುಡಿಸುತ್ತಿದ್ದ ವೃದ್ಧ ಭಿಕ್ಷುವಿನ ಹತ್ತಿರ ಸರಿದು ಪಿಸುಗುಟ್ಟಿದ. "ಸ್ವಾಮಿ, ಒಂದೇಳು ಬಟ್ಟಲು ಕಡಿಮೆಯಾದ್ರೆ ಬುದ್ಧನಿಗೆ ಬೇಜಾರಾಗುತ್ತಾ?"

"ಬುದ್ಧನಿಗೇನಪ್ಪ ಸೆಖೆ? ಕಲ್ಲು ಯಾವಾಗ್ಲೂ ತಣ್ಣಗೇ ಇರುತ್ತೆ. ಬೇಗೆ ಇರೋದು ಎರೆಯೋನಿಗೆ. ಒಂದೊಂದು ಬಟ್ಟಲಿಗೆ ಒಂದೊಂದು ವರ್ಷ ನೆನೆಸ್ಕೊ. ಬಿಟ್ಟ ಏಳು ವರ್ಷ ಬದುಕಿದ್ದು ಯಾರು ಅಂತೀಯ?"

ಕೊ ಸಾನ್ ಬೆವರುತ್ತ ಎರೆಯತೊಡಗಿದ. ಗೆಳೆಯ ಬಾ ತೆಯ್ ಎಲೆಯಡಿಕೆ ಜಗಿಯುತ್ತ ಬಂದು, ಕೇಳದಿದ್ದರೂ ಎಣಿಸಲು ನಿಂತ. ಅವನ ಗಂಟಲು ಹಡಗು ಕೂಗಿದ ಹಾಗೆ. ಹತ್ತು ಬಟ್ಟಲಾಗುವ ಹೊತ್ತಿಗೆ ಅರ್ಧ ಊರು ಸೇರಿತ್ತು.

"ನಲವತ್ತು!"

ಕೊ ಸಾನ್ ಬಟ್ಟಲು ಕೆಳಗಿಟ್ಟು ಕೈಮುಗಿದ.

"ಏನೋ ಇದು?" ಮುದುಕಿ ಡಾ ಎ ಮ್ಯ ಕೋಲು ಕುಟ್ಟಿದಳು. "ದೊಡ್ಡ ನೆರೆ ಬಂದ ವರ್ಷ ಹುಟ್ಟಿದೋನು ನೀನು. ಹೊಕ್ಕುಳಬಳ್ಳಿ ಕೊಯ್ದೋಳು ನಾನು. ನನ್ನೆದುರಿಗೇ ಬುದ್ಧನಿಗೆ ಟೋಪಿ ಹಾಕ್ತೀಯಾ?"

"ಕೈ ನೋಯ್ತಿದೆ ದೊಡ್ಡಮ್ಮ..."

"ನೋಯ್ಲಿ. ನಲವತ್ತಾರು ವರ್ಷದ ಕೈ ಅಲ್ವಾ!"

ಹುಲಿಯ ಮೂಲೆಯಲ್ಲಿ ಮಲ್ಲಿಗೆ ಪೋಣಿಸುತ್ತಿದ್ದ ಬೆರಳು ನಿಂತಿತು. ಕೊ ಸಾನ್‌ನ ಮುಖ ಕಡ್ಡಿ ಮುರಿದ ಕೊಡೆಯಂತೆ ಕುಸಿಯಿತು. ಇನ್ನು ಮುಚ್ಚಿಡುವುದೇನಿದೆ? ಅವನು ಬಟ್ಟಲೆತ್ತಿ ಮಿಕ್ಕ ಏಳು ವರ್ಷಗಳನ್ನೂ ಒಂದೊಂದಾಗಿ ನೆನೆದು ಎರೆದ. ವಿಚಿತ್ರವೆಂದರೆ, ಕೊನೆಯ ಬಟ್ಟಲಿಗೆ ಎದೆ ನಿಜಕ್ಕೂ ತಣ್ಣಗಾಗಿತ್ತು.

ಒದ್ದೆ ಲುಂಗಿಯಲ್ಲೇ ಅವಳ ಮುಂದೆ ನಿಂತ. "ಸುಳ್ಳು ಹೇಳಿದ್ದೆ. ತಪ್ಪಾಯ್ತು. ಇನ್ನು ನಿನ್ನಿಷ್ಟ."

ಮ ಖಿನ್ ಸೀ ಅವನನ್ನು ದಿಟ್ಟಿಸಿ ನಕ್ಕಳು. "ಎಲ್ಲರೆದುರಿಗೆ ನಿಜ ಸುರಿದೆಯಲ್ಲ. ಆಗ್ಲಿ, ಒಪ್ಪಿದೀನಿ."

ಜನ ಹೋ ಎಂದರು. ಬಾ ತೆಯ್ ಕುಣಿದೇಬಿಟ್ಟ.

"ಆದ್ರೆ ನನ್ನ ಭುಜ ಹಿಡ್ಕೊಂಡಿದೆ," ಎಂದಳು ಅವಳು. "ಸೋಮವಾರದೋಳು ನಾನು. ಈ ಹುಲಿ ಮೂಲೆ ಬುದ್ಧನಿಗೆ ನನ್ನ ಪರವಾಗಿ ನೀನೇ ಎರೆದುಬಿಡು."

"ಅದಕ್ಕೇನಂತೆ! ಎಷ್ಟು ಬಟ್ಟಲು?"

ಅವಳು ಅವನ ಕಿವಿಗೆ ಬಾಯಿಟ್ಟಳು. "ಊರಿಗೆಲ್ಲ ಮೂವತ್ತೆಂಟು ಅಂತ ಹೇಳಿದೀನಿ. ನೀನು ಐವತ್ತೆರಡು ಬಟ್ಟಲು ಎರೆ. ಬುದ್ಧನಿಗೆ ಮೋಸ ಆಗ್ಬಾರ್ದು. ಊರಿಗೂ ತಿಳೀಬಾರ್ದು."

ಕೊ ಸಾನ್ ಸುತ್ತ ನೋಡಿದ. ಒಬ್ಬರೂ ಕದಲಿರಲಿಲ್ಲ. ಬಾ ತೆಯ್ ಎಲೆಯಡಿಕೆ ಉಗಿದು ಗಂಟಲು ಸರಿಮಾಡಿಕೊಂಡಿದ್ದ.

"ಮೂವತ್ತೊಂಬತ್ತು!" ಕೊನೆಗೆ ಬಾ ತೆಯ್ ಕೂಗಿದ. "ಮೂವತ್ತೆಂಟು, ಬರೋ ವರ್ಷಕ್ಕೆ ಒಂದು. ಮುಗೀತು, ಬಟ್ಟಲು ಇಡು!"

ಕೊ ಸಾನ್ ಬಟ್ಟಲನ್ನು ಮತ್ತೆ ನೀರಿನ ತೊಟ್ಟಿಯಲ್ಲಿ ಅದ್ದಿದ. "ಇನ್ನು ಮೇಲಿಂದು... ಬರೀ ಭಕ್ತಿ."

"ಓಹೋ!" ಡಾ ಎ ಮ್ಯ ಕೋಲೂರಿ ಇನ್ನೂ ಹತ್ತಿರ ಬಂದಳು. "ಎಣಿಸೋ ಬಾ ತೆಯ್, ಭಕ್ತಿ ಎಷ್ಟಕ್ಕೆ ನಿಲ್ಲುತ್ತೆ ನೋಡೋಣ."