ಹೂಂಗುಟ್ಟಿದ್ದಕ್ಕೆ ಕಳೆದ ಇಪ್ಪತ್ತು ಅಂಕಗಳು

ವಿಶ್ವವಿದ್ಯಾಲಯದ ನಟನಾ ವಿಭಾಗದ ಮೌಲ್ಯಮಾಪನ ಸಮಿತಿಯ ಮಾನ್ಯ ಅಧ್ಯಕ್ಷರೇ, ತಮಗೂ ತಮ್ಮ ರಂಗಮಂದಿರದ ಗಂಭೀರ ಕುರ್ಚಿಗಳಿಗೂ ನಮಸ್ಕಾರಗಳು.

ಮೊದಲ ವರ್ಷದ ವಿದ್ಯಾರ್ಥಿನಿ ಜೊನೆಲ್‌ಗೆ ಪ್ರೇಕ್ಷಕರೆದುರು ಕಥೆ ಹೇಳುವ ಪರೀಕ್ಷೆಯಲ್ಲಿ ನೂರಕ್ಕೆ ಐವತ್ತೆಂಟು ಅಂಕ ಬಂದಿದೆ ಎಂದು ಅವಳ ಸಹಪಾಠಿಯಾದ ನನ್ನ ಮಗಳು ಇಂಚರಾ ಸೋಮವಾರ ವರದಿ ಮಾಡಿದಳು. ಎಪ್ಪತ್ತು ಬಾರದಿದ್ದರೆ ಎರಡನೇ ವರ್ಷಕ್ಕೆ ಪ್ರವೇಶವಿಲ್ಲ. ‘ಪ್ರೇಕ್ಷಕರಿಂದ ಅಡಚಣೆ, ಅದನ್ನು ತಡೆಯುವಲ್ಲಿ ನಟಿಯ ವೈಫಲ್ಯ’ ಎಂದು ತಾವು ಇಪ್ಪತ್ತು ಅಂಕ ಕಳೆದಿದ್ದೀರಿ. ಸದರಿ ಅಡಚಣೆ ನನ್ನ ತಾಯಿ ಕಮಲವ್ವ, ವಯಸ್ಸು ಎಪ್ಪತ್ತೊಂಬತ್ತು, ಮೂರನೇ ಸಾಲು.

ಕಪ್ಪು ಅಮೆರಿಕನ್ನರ ಪ್ರದರ್ಶನ ಪರಂಪರೆಯನ್ನು ಈ ವರ್ಷ ಪಠ್ಯಕ್ಕೆ ಸೇರಿಸಿ, ಬಾಗಿಲಿಗೆ ಬ್ಯಾನರನ್ನೂ ಕಟ್ಟಿದ ತಮ್ಮ ಹೃದಯವೈಶಾಲ್ಯವನ್ನು ಎಷ್ಟು ಹೊಗಳಿದರೂ ಸಾಲದು. ಕಥೆಗಾರರು ಕರೆ ಕೊಟ್ಟಾಗ ಪ್ರೇಕ್ಷಕರು ಮರುದನಿ ಕೊಡಬೇಕು, ಕೊಡದಿದ್ದರೆ ಕಥೆ ಮುಂದೆ ಸಾಗದು ಎಂದು ಪಠ್ಯದ ನಾಲ್ಕನೇ ಪುಟದಲ್ಲಿದೆ. ಅಂಕ ಹಂಚಿಕೆಯ ಪಟ್ಟಿ ಮಾತ್ರ ಹಳೆಯದು, ಅದರಲ್ಲಿ ಪ್ರೇಕ್ಷಕರ ಮೌನಕ್ಕೆ ಇಪ್ಪತ್ತು ಅಂಕ. ಒಂದೇ ಸೆಮಿಸ್ಟರಿನಲ್ಲಿ ಕಲಿಸುವ ಕೆಲಸವನ್ನೂ ಕಲಿತದ್ದಕ್ಕೆ ದಂಡಿಸುವ ಕೆಲಸವನ್ನೂ ಮುಗಿಸಿದ ಇಂಥ ದಕ್ಷತೆ ಅಪರೂಪ.

ಗದಗಿನಿಂದ ಅಮೆರಿಕಕ್ಕೆ ನಮ್ಮನ್ನು ನೋಡಲು ಬಂದಿರುವ ನನ್ನ ತಾಯಿ ಪಠ್ಯ ಓದಿಲ್ಲ, ಇಂಗ್ಲಿಷೂ ಬಾರದು. ಕಥೆ ಹೇಳುವವರಿಗೆ ಹೂಂಗುಟ್ಟಬೇಕೆಂಬುದು ಗೊತ್ತು. ಮನೆಯಲ್ಲಿ ನಾನು ನಡೆಸಿದ ವಿಚಾರಣೆಯಲ್ಲಿ ಅವರು ಹೇಳಿದ್ದು ಇಷ್ಟು: “ಆ ಕೂಸು ಕೈ ಮುಂದ ಮಾಡಿ ಮೂರು ಸಲ ಕೇಳ್ತು, ಎಲ್ಲಾರೂ ಫೋಟೋಕ್ಕ ಕುಂತಂಗ ಕುಂತಿದ್ರು. ಅದರ ಮಾರಿ ಸಣ್ಣದಾತು. ನಾ ಹೂಂ ಅಂದೆ, ಮುಂದ ಹೇಳವಾ ಅಂದೆ. ತಪ್ಪೇನಾತಪಾ?” ಆಮೇಲೆ ಜೊನೆಲ್ ನಕ್ಕು ಕಥೆಯನ್ನು ಕೊನೆ ಮುಟ್ಟಿಸಿದಳೆಂದು ಇಂಚರಾ ದೃಢಪಡಿಸಿದ್ದಾಳೆ.

ಆದ್ದರಿಂದ ಕಳೆದ ಅಂಕಗಳನ್ನು ಜೊನೆಲ್‌ಗೆ ಹಿಂದಿರುಗಿಸಿ, ಬಾಯಿ ಬಿಡದೆ ಕುಳಿತಿದ್ದ ಉಳಿದ ಅರವತ್ತೊಂದು ಮಂದಿ ಪ್ರೇಕ್ಷಕರನ್ನು, ಅಧ್ಯಕ್ಷರನ್ನೂ ಸೇರಿಸಿಯೇ, ಅನುತ್ತೀರ್ಣರೆಂದು ಘೋಷಿಸಬೇಕಾಗಿಯೂ, ಅವರಿಗೆ ಬೇಸಿಗೆಯಲ್ಲಿ ಮರುದನಿ ಕೊಡುವ ವಿಶೇಷ ತರಗತಿ ನಡೆಸಿ ಜೊನೆಲ್‌ಳನ್ನೇ ಬೋಧಕಿಯಾಗಿ ನೇಮಿಸಬೇಕಾಗಿಯೂ ವಿನಂತಿ. ಸಹಾಯಕ್ಕೆ ನನ್ನ ತಾಯಿ ಸಿದ್ಧರಿದ್ದಾರೆ, ವೀಸಾ ಆಗಸ್ಟ್‌ವರೆಗಿದೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಮಧುಕರ್, ವಾಲ್ನಟ್ ಕ್ರೀಕ್

ಮರೆತ ಮಾತು: ಜೊನೆಲ್‌ಳ ಮರುಪರೀಕ್ಷೆಗೆ ನನ್ನ ತಾಯಿಗೆ ಪ್ರವೇಶವಿಲ್ಲವೆಂಬ ತಮ್ಮ ಇಮೇಲು ತಲುಪಿದೆ. ಅದರ ಕೊನೆಯಲ್ಲಿ ಸಾರ್ವಜನಿಕರಿಗೆ ಮುಕ್ತ ಆಹ್ವಾನವಿದ್ದುದರಿಂದ, ಜೊನೆಲ್ ಈ ಕಥನ ಕಲಿತ ಓಕ್ಲೆಂಡಿನ ಕಪ್ಪು ಅಮೆರಿಕನ್ನರ ಚರ್ಚಿನ, ಪ್ರತಿ ಕರೆಗೂ ಮರುದನಿ ಕೊಟ್ಟೇ ರೂಢಿಯಿರುವ ನಲವತ್ತೆರಡು ಮಂದಿ ಸೀಟು ಕಾಯ್ದಿರಿಸಿದ್ದಾರೆ. ಪರೀಕ್ಷೆ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ.