ಖಾಲಿ ಡಬ್ಬಿ ಕೊಡದ ಕಾಕಾ

ನಮ್ಮ ಓಣಿಯ ಕಾಕಾನಿಗೆ ಹೆದರದ ಪಾತ್ರೆ ಇಡೀ ಅಣ್ಣಿಗೇರಿಯಲ್ಲೇ ಇರಲಿಲ್ಲ!

ಖಾಲಿ ಪಾತ್ರೆ ತಿರುಗಿ ಕೊಡಬಾರದೆಂಬುದು ನಮ್ಮಲ್ಲಿ ಎಲ್ಲರ ಮನೆಯ ರೂಢಿ. ಒಂದು ಚೂರು ಬೆಲ್ಲ ಹಾಕಿದರೆ ಮುಗಿಯಿತು. ಕಾಕಾನಿಗೆ ಮಾತ್ರ ಅದು ಕಠೋರ ವ್ರತ. ಅವ್ವ ಒಂದು ಬಟ್ಟಲು ಪಲ್ಯ ಕಳಿಸಿದರೆ ಬಟ್ಟಲ ತುಂಬ ಉಳ್ಳಾಗಡ್ಡಿ ಬರುತ್ತಿತ್ತು. ಸಂಕೋಚಕ್ಕೆ ಅವ್ವ ಮತ್ತೆ ಪಲ್ಯ ಕಳಿಸುವಳು. ಮತ್ತೆ ಉಳ್ಳಾಗಡ್ಡಿ! ಕೊನೆಗೆ ಸೋತು ಬಟ್ಟಲನ್ನು ಅಲ್ಲೇ ಬಿಟ್ಟಳು.

ಎಪ್ಪತ್ತರ ದಶಕದಲ್ಲಿ ದವಾಖಾನೆಗೆ ಔಷಧಿಯ ಬಾಟಲಿ ನಾವೇ ಒಯ್ಯಬೇಕಿತ್ತಲ್ಲ? ಕಾಕಾ ಅದರ ತುಂಬ ಮಜ್ಜಿಗೆ ಒಯ್ದ.

"ಇದೇನ್ರಿ ಕಾಕಾ?" ಎಂದ ಕಂಪೌಂಡರ್.

"ಖಾಲಿ ಬಾಟ್ಲಿ ಕೈಯಾಗ ಹೆಂಗ ಕೊಡ್ಲೋ? ಮೊದ್ಲ ಕುಡಿ, ಆಮ್ಯಾಲ ಔಷಧ ಹಾಕು."

ಮುಂದೆ ಕಂಪೌಂಡರನೇ ಓಣಿಯಲ್ಲಿ ತಡೆದು ವಿಚಾರಿಸತೊಡಗಿದ: "ಕಾಕಾ, ಕೆಮ್ಮು ಬರವಲ್ದೇನ್ರಿ?"

ಇಂಥವನ ಜೊತೆ ಹೋಗುವ ಕರ್ಮ ಒಮ್ಮೆ ನನ್ನ ಪಾಲಿಗೆ ಬಂತು. ಹಿಂದೊಂದು ಮಳೆಗಾಲದಲ್ಲಿ ಹಳ್ಳ ತುಂಬಿ ಬಂದು ಬಾಜು ಹಳ್ಳಿಯ ಒಂದು ಓಣಿಯನ್ನೇ ಒಯ್ದಿತ್ತು, ಕಾಕಾನ ತಂಗಿಯನ್ನೂ. ಕೆಸರಿನಲ್ಲಿ ಸಿಕ್ಕ ಸಾಮಾನುಗಳನ್ನು ಊರವರು ಸತ್ತವರ ನೆನಪಿಗೆಂದು ಶಾಲೆಯ ಕೋಣೆಯೊಂದರಲ್ಲಿ ಇಟ್ಟಿದ್ದರು. ತಂಗಿಯದೇನಾದರೂ ಇದೆಯೋ ನೋಡಬೇಕೆಂದು ಕಾಕಾ ಹೊರಟ.

"ನೋಡ್ರಿ, ಮುಟ್ಟಬ್ಯಾಡ್ರಿ," ಎಂದ ಕಾವಲುಗಾರ. ಯಾರಿಗೆ ಹೇಳುತ್ತೀಯಪ್ಪಾ! ಕಾಕಾ ಬೀಸುಕಲ್ಲಿನ ಗೂಟ ಅಲ್ಲಾಡಿಸಿ "ಸಡ್ಲ ಐತಿ" ಎಂದ. ಎತ್ತಿನ ಗೆಜ್ಜೆಸರ ತಿಕ್ಕಿಲ್ಲವೆಂದು ಬೈದ. ಆಮೇಲೆ ಒಂದು ಹಿತ್ತಾಳೆ ಡಬ್ಬಿಯ ಮುಂದೆ ನಿಂತುಬಿಟ್ಟ. ಅಂಚಿನ ಮೇಲೆ ಅವನ ತಂಗಿಯ ಹೆಸರು ಕೊರೆದಿತ್ತು. ಕಿಸೆಯಿಂದ ಪೊಟ್ಟಣ ತೆಗೆದು ಸಕ್ಕರೆಯನ್ನೆಲ್ಲ ಅದರೊಳಗೆ ಸುರಿದ.

"ಕಾಕಾರ, ಇರುವಿ ಹತ್ತತಾವ್ರಿ!" ಎಂದ ಕಾವಲುಗಾರ.

"ಹತ್ತಲಿ. ಅವೂ ಖಾಲಿ ಬಾಯೀಲೆ ಹೋಗೂದ ಬ್ಯಾಡ."

ನಾನು ನಕ್ಕೆ. ಕಾಕಾ ನಗಲಿಲ್ಲ.

"ಕಡೀ ಸಲ ಬಂದಾಗ ಇದ್ರಾಗ ಹೋಳಿಗಿ ತಂದಿದ್ಲು. ಬಸ್ಸಿಗೆ ಹೊತ್ತಾತು ಅಂತ ಖಾಲಿ ಡಬ್ಬಿನ ಕೈಯಾಗ ಕೊಟ್ಟೆ. 'ಮುಂದಿನ ಸಲ ತುಂಬಿ ಕೊಡು, ಅಣ್ಣಾ' ಅಂದ್ಲು, ನಕ್ಕೋತ."

ಕಾವಲುಗಾರ ಮೂಲೆಯಲ್ಲಿದ್ದ ಮುಚ್ಚಳ ಹುಡುಕಿ ತಂದು, ಡಬ್ಬಿಗೆ ಮೆಲ್ಲಗೆ ಒತ್ತಿದ.

ಹೊರಗೆ ಹಾರನ್ ಕೇಳಿಸಿತು. "ಕಾಕಾ, ಬಸ್ ಬಂತು," ಎಂದೆ.

ಕಾಕಾ ಡಬ್ಬಿಯ ಬಾಜೂಕೆ ನೆಲದ ಮೇಲೆ ಕೂತ.

"ಹೋಗ್ಲಿ ಬಿಡೋ. ಇವತ್ತ ನನಗೇನೂ ಅವಸರಿಲ್ಲ."