ಒಂದು ಕಿವಿ ಮನೆ ಕಡೆ

ತಾನು ಆಡಿದ್ದನ್ನು ತಾನೇ ರೆಕಾರ್ಡ್ ಮಾಡಿಕೊಂಡು ನೋಡುವವನಿಗೆ ಮಾನ ಕಳೆದುಕೊಳ್ಳಲು ಬೇರೆಯವರ ಸಹಾಯ ಬೇಕಾಗುವುದಿಲ್ಲ. ನಾನು ಶುರು ಮಾಡಿದ ದಿನದಿಂದ ಒಂದಲ್ಲ ಒಂದು ಆಗುತ್ತಲೇ ಬಂದಿದೆ. ಈಗ ಅಭ್ಯಾಸವಾಗಿದೆ.

ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವನು. ಯಲಹಂಕದ ಒಂದು ಲ್ಯಾಬಿನಲ್ಲಿ ಬೋರ್‌ವೆಲ್ ನೀರು ಪರೀಕ್ಷಿಸುವ ಕೆಲಸ. ಸಂಜೆ ಸಹಕಾರನಗರದ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಐದು ಜನರ ಮೇಲೆ ಐದು ಜನ ಬಂದೂಕು ಹಿಡಿದು ಆಡುವ ಆಟ. ನಾವು ಐವರು ಅವರವರ ಮನೆಯಿಂದಲೇ ಇಂಟರ್ನೆಟ್ಟಿನಲ್ಲಿ ಸೇರುತ್ತಿದ್ದೆವು. ಮೈಕಿನಲ್ಲಿ ಮಾತು. ಗುಂಡು ತಗುಲಿದವನು ಆ ಸುತ್ತು ಮುಗಿಯುವವರೆಗೆ ಸುಮ್ಮನೆ ನೋಡುತ್ತಿರಬೇಕು. ಹೆಚ್ಚಾಗಿ ಹಾಗೆ ನೋಡುತ್ತಿದ್ದವನು ನಾನು.

ಕಾರಣ ಇಷ್ಟೇ. ಚೆನ್ನಾಗಿ ಆಡುತ್ತಿದ್ದವನು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದೆ. ಒಂದೆರಡು ಕ್ಷಣ. ಅಷ್ಟು ಸಾಕು ಎದುರಾಳಿಗೆ. ಯಾಕೆ ನಿಲ್ಲುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ.

ಆರ್.ಟಿ. ನಗರದ ಗೆಳೆಯನೊಬ್ಬ ನಮ್ಮ ಕ್ಯಾಪ್ಟನ್. ಯಲಹಂಕದ ಒಂದು ಗೇಮಿಂಗ್ ಪಾರ್ಲರಿನ ಪಂದ್ಯಾವಳಿ ಹತ್ತಿರ ಬಂದಿತ್ತು. ಅವನು ಒಂದು ದಿನ ಹೇಳಿದ: "ಮಗಾ, ಬೇಜಾರ್ ಮಾಡ್ಕೋಬೇಡ. ಸೋಲದೇವನಹಳ್ಳಿ ಕಾಲೇಜಿನ ಒಬ್ಬ ಹುಡುಗ ಸಿಕ್ಕಿದ್ದಾನೆ. ಒಳ್ಳೇ ಕೈ. ನೀನು ಹೀಗೇ ಕಂಬದ ಥರ ನಿಂತ್ರೆ ಅವನನ್ನ ಹಾಕ್ಕೋಬೇಕಾಗುತ್ತೆ."

ಶಾಲೆಯ ಕಬಡ್ಡಿ ತಂಡದಲ್ಲಿ ನಾನಿರಲಿಲ್ಲ. ಕಾಲೇಜಿನ ಕ್ರಿಕೆಟ್ ತಂಡದಲ್ಲೂ ಇರಲಿಲ್ಲ. ತಂಡ ಅಂತ ಸಿಕ್ಕಿದ್ದು ಇದೊಂದೇ. ಬಿಟ್ಟುಕೊಡಲು ಮನಸ್ಸಿರಲಿಲ್ಲ. ತಪ್ಪು ಎಲ್ಲಿದೆ ಅಂತ ಹುಡುಕಲು ದಿನಾ ಆಟ ರೆಕಾರ್ಡ್ ಮಾಡಿ ನೋಡುವುದು ಅಂತ ತೀರ್ಮಾನಿಸಿದೆ.

1. ಮೊದಲ ರೆಕಾರ್ಡಿಂಗ್

ಸಾಫ್ಟ್‌ವೇರ್ ಹಾಕಿಕೊಂಡು ಒಂದು ಸಂಜೆ ಪೂರ್ತಿ ಆಡಿದೆ. ಮುಗಿಸಿ ಫೈಲ್ ತೆರೆದರೆ ಆಟವೇ ಇಲ್ಲ. ಆ ಸಾಫ್ಟ್‌ವೇರಿಗೆ ಆಟದ ಪರದೆ ಕಾಣಿಸಿರಲಿಲ್ಲ. ಅದರ ಹಿಂದಿದ್ದ ಡೆಸ್ಕ್‌ಟಾಪ್ ಚಿತ್ರವನ್ನೇ ಉದ್ದಕ್ಕೂ ಹಿಡಿದಿಟ್ಟಿತ್ತು.

ಚಿತ್ರ ಅಕ್ಕನ ಮದುವೆಯ ಗ್ರೂಪ್ ಫೋಟೋ. ನಡುವೆ ಪೇಟ ಕಟ್ಟಿಕೊಂಡ ಚಿಕ್ಕಪ್ಪ. ಚಿತ್ರ ಅಲ್ಲಾಡುವುದಿಲ್ಲ, ಶಬ್ದ ಮಾತ್ರ ಬರುತ್ತಿದೆ. ಗುಂಡಿನ ಸದ್ದು, ಬಾಂಬಿನ ಸದ್ದು, ಮೇಲೆ ನನ್ನ ಧ್ವನಿ: "ನಡುವೆ ನಿಂತಿದ್ದಾನೆ ನೋಡು, ಹೊಡಿ, ತಲೆಗೇ ಹೊಡಿ, ಬಿಡಬೇಡ!"

ಎಲ್ಲಾದರೂ ಆಟ ಬರಬಹುದು ಅಂತ ನಾನು ನೋಡುತ್ತಲೇ ಇದ್ದೆ. ಹಿಂದಿನಿಂದ ಅಮ್ಮನೂ ನೋಡುತ್ತಿದ್ದಳು.

"ಸೈಟಿನ ವಿಷಯದಲ್ಲಿ ನಿನ್ನ ಚಿಕ್ಕಪ್ಪ ಮಾಡಿದ್ದು ತಪ್ಪೇ ಕಣೋ," ಅಂದಳು ಮೆಲ್ಲಗೆ. "ಆದ್ರೂ ಇಷ್ಟು ಸಿಟ್ಟು ಒಳ್ಳೇದಲ್ಲ."

2. ಓನರ್ ಅಂಕಲ್

ಬೇರೆ ಸಾಫ್ಟ್‌ವೇರ್ ಹಾಕಿದೆ. ಇದು ಆಟವನ್ನೂ ಹಿಡಿಯಿತು, ಮೈಕಿನ ಶಬ್ದವನ್ನೂ ಹಿಡಿಯಿತು. ಭಾನುವಾರ ಬೆಳಿಗ್ಗೆ ಸ್ಪೀಕರ್ ಹಾಕಿಕೊಂಡು ಪರಿಶೀಲನೆಗೆ ಕೂತೆ. ನಾನು ಸಾಯುವ ಜಾಗ ಬಂದಾಗಲೆಲ್ಲ ಹಿಂದಕ್ಕೆ ತಿರುಗಿಸಿ ಮತ್ತೆ ನೋಡುತ್ತಿದ್ದೆ. ವಿಡಿಯೋದಲ್ಲಿ ನಾನು ಪ್ರತಿ ಸಲವೂ "ಅಯ್ಯೋ, ಸತ್ತೆ!" ಅಂತ ಕಿರುಚುತ್ತಿದ್ದೆ.

ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಓನರ್ ಅಂಕಲ್. ಈ ಲೇಔಟ್ ಆಗುವ ಮುಂಚೆ ಇಲ್ಲೇ ರಾಗಿ ಬೆಳೆಯುತ್ತಿದ್ದವರು. ಈಗ ಮನೆ ಬೆಳೆಯುತ್ತಾರೆ.

"ಏನಪ್ಪಾ, ಯಾರದು ಬೆಳಗ್ಗೆಯಿಂದ ಸಾಯ್ತಾ ಇರೋದು?"

"ನಾನೇ ಅಂಕಲ್. ರೆಕಾರ್ಡಿಂಗು."

ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ತೋರಿಸಿದೆ. ನಿಂತೆ, ಸತ್ತೆ. ಇನ್ನೊಂದು ತೋರಿಸಿದೆ. ನಿಂತೆ, ಸತ್ತೆ.

"ಇಂಗೆ ನಿಂತ್ಕಂಡ್ರೆ ಒಡೀದೆ ಏನ್ ಪೂಜೆ ಮಾಡ್ತಾರಾ?" ಅಂದರು. "ಗೆದ್ದಿರೋದು ಆಕಪ್ಪ ಒಂದು, ನೋಡಾನ."

"ಗೆದ್ದಿರೋದು ಇಲ್ಲ ಅಂಕಲ್."

ಅವರ ಮುಖದಲ್ಲಿ ನಿಜವಾದ ಮರುಕ ಕಾಣಿಸಿತು. ಎದ್ದು ಬಾಗಿಲ ಹತ್ತಿರ ಹೋಗಿ ತಿರುಗಿದರು. "ನೋಡಪ್ಪಾ, ಬೇಡ ಅನ್ನಲ್ಲ. ಆದ್ರೆ ಒಂದ್ ಸಲ ಸತ್ತಿದ್ದಕ್ಕೆ ಒಂದ್ ಸಲ ಕಿರಚ್ಕೋ, ಸಾಕು. ನಮ್ಮವ್ವ ಪ್ರತಿ ಸಲಾನೂ ಎದ್ದು ಸೂತಕದ್ ಸ್ನಾನಕ್ಕೆ ನೀರು ಕಾಯ್ಸು ಅಂತವ್ಳೆ."

3. ಅಪ್ಪ

ಅಂದಿನಿಂದ ಶಬ್ದ ಪೂರ್ತಿ ಬಂದ್ ಮಾಡಿ, ಬರೀ ಚಿತ್ರ ನೋಡತೊಡಗಿದೆ. ನನ್ನ ಧ್ವನಿ ಕೇಳುವ ಆಸೆ ನನಗೂ ಇರಲಿಲ್ಲ.

ಅಪ್ಪ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಯಾರಾದರೂ ಏನನ್ನಾದರೂ ಗಮನವಿಟ್ಟು ನೋಡುತ್ತಿದ್ದರೆ ಅವರಿಗೆ ಸುಮ್ಮನಿರಲಾಗುವುದಿಲ್ಲ. ಕನ್ನಡಕ ಹಾಕಿಕೊಂಡು ಬಂದು ಹಿಂದೆ ನಿಂತರು.

"ಇವನ್ಯಾರು, ಎಲ್ಲಾರೂ ಓಡ್ತಾ ಇದ್ರೆ ಒಬ್ಬನೇ ಗೋಡೆ ನೋಡ್ಕೊಂಡು ನಿಂತಿರೋನು?"

"ನಾನು."

"ಏನು ಕೆಲಸ ಅಲ್ಲಿ?"

"ಆ ಬಾಗಿಲು ಕಾಯ್ಬೇಕು."

"ಬಾಗಿಲು ಆ ಕಡೆ ಇದೆಯಲ್ಲೋ."

"ಗೊತ್ತು ಅಪ್ಪ. ಯಾಕೆ ನಿಂತೆ ಅಂತಾನೇ ಹುಡುಕ್ತಾ ಇದ್ದೀನಿ."

ಅಪ್ಪ ಸ್ವಲ್ಪ ಹೊತ್ತು ನೋಡಿದರು. ಪರದೆಯಲ್ಲಿ ನಾನು ಇನ್ನೊಂದು ಗೋಡೆಯ ಮುಂದೆ ನಿಂತು ಸತ್ತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಓ," ಅಂದರು. "ಆಟದಲ್ಲೂ ಹೀಗೇನಾ."

4. ಕ್ಯಾಪ್ಟನ್ ತಪಾಸಣೆ

ನಾನು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಿದೆ. ಲ್ಯಾಬಿನಲ್ಲಿ ಹಾಗೇ ಮಾಡುವುದು. ಮೌಸ್ ಬದಲಿಸಿದೆ, ಸತ್ತೆ. ಕುರ್ಚಿ ಬದಲಿಸಿದೆ, ಸತ್ತೆ. ದೀಪದ ದಿಕ್ಕು ಬದಲಿಸಿದೆ, ಬೆಳಕಿನಲ್ಲಿ ಸತ್ತೆ.

ಕೊನೆಗೆ ಕ್ಯಾಪ್ಟನ್ ತಾನೇ ನೋಡುತ್ತೇನೆ ಅಂತ ಮನೆಗೆ ಬಂದ. ಅಮ್ಮ ಉಪ್ಪಿಟ್ಟು ಕೊಟ್ಟಳು. ತಟ್ಟೆ ತೊಡೆಯ ಮೇಲಿಟ್ಟುಕೊಂಡು, "ಸೌಂಡ್ ಹಾಕು ಗುರು. ಸೌಂಡ್ ಇಲ್ದೆ ಏನ್ ತಿಳಿಯುತ್ತೆ?" ಅಂದ. ಹಾಕಿದೆ.

ನನ್ನ ಮೈಕು ಇಡೀ ಮನೆಯನ್ನು ಹಿಡಿಯುತ್ತದೆ ಅಂತ ನನಗೆ ಅಂದು ಗೊತ್ತಾಯಿತು. ಗುಂಡಿನ ಸದ್ದಿನ ನಡುವೆ ಸ್ಪಷ್ಟವಾಗಿ ಅಮ್ಮನ ಧ್ವನಿ, ಚಿಕ್ಕಮ್ಮನ ಹತ್ತಿರ ಫೋನಿನಲ್ಲಿ:

"ಅದೇ ಕಣೇ, ಆರ್.ಟಿ. ನಗರದವನು. ಕ್ಯಾಪ್ಟನ್ ಅಂತೆ. ಹೋದ ಸಲ ಬಂದಾಗ ಬಾಣಲೆ ತೊಳೆಯೋ ಕೆಲಸಾನೇ ಇಡಲಿಲ್ಲ. ಪಾಪ, ಅವರಮ್ಮ ಅಡಿಗೆ ಮಾಡ್ತಾರೋ ಇಲ್ವೋ."

ಕ್ಯಾಪ್ಟನ್ನನ ಚಮಚ ಗಾಳಿಯಲ್ಲೇ ನಿಂತಿತು. ಅದೇ ಹೊತ್ತಿಗೆ ಅಮ್ಮ ಬಾಣಲೆ ಹಿಡಿದು ಒಳಗೆ ಬಂದಳು.

"ಇನ್ನೊಂಚೂರು ಹಾಕ್ಲೇನಪ್ಪಾ?"

"ಬೇಡ ಆಂಟಿ," ಅಂದ ಅವನು ಸಣ್ಣ ಧ್ವನಿಯಲ್ಲಿ. "ನಮ್ಮಮ್ಮ ಅಡಿಗೆ ಮಾಡ್ತಾರೆ."

ಹೋಗುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದ: "ಶನಿವಾರದೊಳಗೆ ಕಾರಣ ಹೇಳು ಮಗಾ. ಇಲ್ಲಾಂದ್ರೆ ಸೋಲದೇವನಹಳ್ಳಿಯವನೇ."

5. ಕಾರಣ

ಅವನು ಹೋದ ಮೇಲೆ ಚಿತ್ರ ಬಿಟ್ಟು ಶಬ್ದವನ್ನಷ್ಟೇ ಕೇಳಿದೆ. ಮೊದಲೇ ಮಾಡಬೇಕಿತ್ತು.

ನಮ್ಮ ಮನೆಯಲ್ಲಿ ಒಂದು ನಿಯಮ. ಹೆಡ್‌ಫೋನ್ ಒಂದು ಕಿವಿಗೆ ಮಾತ್ರ. "ಒಂದು ಕಿವಿ ಮನೆ ಕಡೆ ಇರಲಿ," ಅನ್ನುತ್ತಾಳೆ ಅಮ್ಮ. ನನ್ನ ಕಂಪ್ಯೂಟರ್ ಅಡಿಗೆಮನೆಯ ಬಾಗಿಲ ಪಕ್ಕ. ಸಂಜೆ ಅವಳು ಕುಕ್ಕರ್ ಇಟ್ಟು ಸೀರಿಯಲ್ ಮುಂದೆ ಕೂರುತ್ತಾಳೆ. ಅದು ಮೂರು ಸಲ ಕೂಗಿದ ಮೇಲೆ ಒಲೆ ಆರಿಸುವವನು ನಾನು. ಹೈಸ್ಕೂಲಿನಿಂದ ನನ್ನದೇ ಈ ಕೆಲಸ. ಎಷ್ಟು ಅಭ್ಯಾಸ ಅಂದರೆ ಮಾಡುತ್ತಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ.

ರೆಕಾರ್ಡಿಂಗಿನಲ್ಲಿ ಎಲ್ಲವೂ ಇತ್ತು. ಕುಕ್ಕರ್ ಕೂಗುತ್ತದೆ. ನನ್ನ ಧ್ವನಿ ಮೆಲ್ಲಗೆ "ಒಂದು" ಅನ್ನುತ್ತದೆ. ಗುಂಡು. "ಅಯ್ಯೋ, ಸತ್ತೆ!" ಮುಂದಿನ ಸುತ್ತು. ಕುಕ್ಕರ್. "ಎರಡು." ಗುಂಡು. "ಅಯ್ಯೋ, ಸತ್ತೆ!" ಬೇರೆ ಬೇರೆ ದಿನದ ಫೈಲ್ ತೆಗೆದು ನೋಡಿದೆ. ಎಲ್ಲದರಲ್ಲೂ ಅದೇ. ಚಿತ್ರಾನ್ನ ಮಾಡಿದ ದಿನವೂ ಸತ್ತಿದ್ದೆ. ಅನ್ನಕ್ಕೂ ಕುಕ್ಕರ್ ಬೇಕಲ್ಲ.

ಅಮ್ಮನಿಗೆ ಹೇಳಿದೆ.

"ಅಂದ್ರೆ ಈಗ ಬೇಳೆ ಬೇಯಿಸೋದು ಬಿಡ್ಲಾ?"

"ಎಣಿಸೋ ಕೆಲಸ ಒಂದು ವಾರ ಅಪ್ಪನಿಗೆ ಕೊಡು."

ಅಪ್ಪ ಒಪ್ಪಿಕೊಂಡರು. ಪೇಪರ್ ಹಿಡಿದು ಅಡಿಗೆಮನೆಯ ಹತ್ತಿರವೇ ಕೂತರು. ನಾನು ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡಿದೆ. ಹೊಸ ಲೋಕ. ಆಟದ ನಡುವೆ ಯಾರೋ ಭುಜ ಅಲ್ಲಾಡಿಸಿದರು. ಅಪ್ಪ.

"ಈಗ ಕೂಗಿದ್ದು ಮೂರನೇದಾ, ನಾಲ್ಕನೇದಾ? ನಿನ್ನ ರೆಕಾರ್ಡಿಂಗ್ ಸ್ವಲ್ಪ ಹಿಂದಕ್ಕೆ ತಿರುಗಿಸು ನೋಡೋಣ."

ತಿರುಗಿಸಿದೆ. ಐದನೆಯದು. ನಾವು ಹಿಂದಕ್ಕೆ ತಿರುಗಿಸುತ್ತಿರುವಾಗ ಆರನೆಯದೂ ಆಯಿತು.

6. ಅಭ್ಯಾಸ

ಕ್ಯಾಪ್ಟನ್ನನಿಗೆ ಫೋನ್ ಮಾಡಿ ಕಾರಣ ತಿಳಿಸಿದೆ. ಅವನು ತುಂಬಾ ಹೊತ್ತು ನಕ್ಕ. ನಗು ನಿಂತ ಮೇಲೆ, "ಪಾರ್ಲರ್‌ನಲ್ಲಿ ಕುಕ್ಕರ್ ಇರಲ್ಲ ಕಣೋ, ಬಾ," ಅಂದ. ಜಾಗ ಸದ್ಯಕ್ಕೆ ಉಳಿಯಿತು. ಆದರೆ ತಂಡದಲ್ಲಿ ನನ್ನ ಹೆಸರು ಅಂದಿನಿಂದ ಕುಕ್ಕರ್.

ನನಗೆ ಈ 'ಸದ್ಯಕ್ಕೆ' ಅನ್ನುವುದರಲ್ಲಿ ನಂಬಿಕೆಯಿಲ್ಲ. ಕುಕ್ಕರಿನ ಕೂಗನ್ನಷ್ಟೇ ಕತ್ತರಿಸಿ ಒಂದು ಫೈಲ್ ಮಾಡಿ, ಆಡುವಾಗ ಜೋರಾಗಿ ಹಾಕಿಕೊಂಡು, ನಿಲ್ಲದೆ ಓಡುವ ಅಭ್ಯಾಸ ಮಾಡಿದೆ. ಅಮ್ಮ ಎರಡು ಸಲ ಸ್ನಾನದ ಮನೆಯಿಂದ ಓಡಿ ಬಂದಳು. ಆಮೇಲೆ ಅವಳಿಗೂ ಅಭ್ಯಾಸವಾಗಿ, ನಿಜವಾದ ಕುಕ್ಕರ್ ಕೂಗಿದಾಗ ಅಲ್ಲಾಡಲಿಲ್ಲ. ಅಂದು ಬೇಳೆ ತಳ ಹಿಡಿಯಿತು.

ಓನರ್ ಅಂಕಲ್ ಮೆಟ್ಟಿಲ ಹತ್ತಿರ ಅಪ್ಪನನ್ನು ನಿಲ್ಲಿಸಿ ಕೇಳಿದರಂತೆ: "ಸಾ, ತಪ್ಪು ತಿಳ್ಕೋಬ್ಯಾಡಿ. ಮೇಲೆ ಮೆಸ್ಸು ಗಿಸ್ಸು ನಡೆಸ್ತಾ ಇದ್ದೀರಾ?"

7. ಪಂದ್ಯ

ಯಲಹಂಕದ ಆ ಪಾರ್ಲರ್ ಮೊದಲ ಮಹಡಿಯಲ್ಲಿತ್ತು. ಹೆಡ್‌ಫೋನುಗಳೆಲ್ಲ ಹಳೆಯವು, ಒಂದೊಂದು ಕಡೆ ಕೆಟ್ಟಿದ್ದವು. "ಒಂದು ಕಿವಿ ಸಾಕು, ಕೂತ್ಕೊಳ್ರೋ," ಅಂದ ಕ್ಯಾಪ್ಟನ್. ನಾನು ಪಾರ್ಲರಿನವರನ್ನು ಕೇಳಿ, ನನಗೆ ಕೊಟ್ಟ ಕಂಪ್ಯೂಟರಿಗೆ ನನ್ನ ಪೆನ್‌ಡ್ರೈವ್ ಚುಚ್ಚಿ ರೆಕಾರ್ಡಿಂಗ್ ಹಾಕಿಕೊಂಡೆ. ಎದುರಿನ ತಂಡ ಹೆಬ್ಬಾಳದ ಕಡೆಯ ಯಾವುದೋ ಹಾಸ್ಟೆಲಿನದು.

ಸಮಸಮವಾಗಿ ಆಡಿದೆವು. ಕೊನೆಯ ಸುತ್ತು, ಗೆದ್ದವರು ಮುಂದಕ್ಕೆ. ನಮ್ಮಲ್ಲಿ ಕ್ಯಾಪ್ಟನ್ ಮತ್ತು ನಾನು ಉಳಿದಿದ್ದೆವು. ಅವರಲ್ಲಿ ಇಬ್ಬರು. ಕ್ಯಾಪ್ಟನ್ ಮೈಕಿನಲ್ಲಿ ಹೇಳಿದ: "ಕುಕ್ಕರ್, ಏನಾದ್ರೂ ಆಗ್ಲಿ, ನಿಲ್ಬೇಡ."

ಮಧ್ಯಾಹ್ನದ ಊಟದ ಹೊತ್ತು. ಪಾರ್ಲರಿನ ಕೆಳಗೆ ಒಂದು ಮೆಸ್ ಇತ್ತು. ಅದು ನಮಗೆ ಗೊತ್ತಿರಲಿಲ್ಲ.

ಕುಕ್ಕರ್ ಕೂಗಿತು.

ನಾನು ನಿಲ್ಲಲಿಲ್ಲ. ಓಡಿದೆ. ಎರಡನೆಯ ಸಲ ಕೂಗಿತು. ಆಗಲೂ ಓಡಿದೆ. ಮೌಸ್ ಬಿಡಲಿಲ್ಲ. ಹಾಸ್ಟೆಲಿನವರ ಕಡೆಯೂ ಯಾರೂ ಅಲ್ಲಾಡಲಿಲ್ಲ. ಹಾಸ್ಟೆಲಿನಲ್ಲಿ ಕುಕ್ಕರ್ ಕೂಗಿದರೆ ಅದು ಬೇರೆಯವರ ಜವಾಬ್ದಾರಿ. ಮೂರನೆಯ ಸಲ ಕೂಗಿದಾಗ ನಾನು ಬಾಗಿಲಿನ ಹಿಂದೆ ಸರಿಯಾಗಿ ಬಾಗಿಲನ್ನೇ ನೋಡುತ್ತಿದ್ದೆ. ಜೀವನದಲ್ಲಿ ಮೊದಲ ಸಲ.

ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು.

ಕ್ಯಾಪ್ಟನ್ ಹೆಡ್‌ಫೋನ್ ತೆಗೆದಿಟ್ಟು ಎದ್ದಿದ್ದ. ನೇರವಾಗಿ ಮೆಟ್ಟಿಲ ಕಡೆ ಹೋಗಿ, ಇಡೀ ಪಾರ್ಲರಿಗೆ ಕೇಳುವಂತೆ ಕೂಗಿದ: "ಅಮ್ಮಾ, ಮೂರಾಯ್ತು! ಆಫ್ ಮಾಡ್ಲಾ?"

ಕೆಳಗಿನಿಂದ ಮೆಸ್ಸಿನ ಹೆಂಗಸಿನ ಉತ್ತರ ಬಂತು: "ಬೇಡ ಮಗಾ, ಕಡ್ಲೆಕಾಳು! ಇನ್ನೆರಡು ಕೂಗ್ಲಿ!"

"ಸರಿ ಅಮ್ಮಾ," ಅಂದ ಇವನು.

ಆಮೇಲೆ ತಿರುಗಿ ನಮ್ಮನ್ನೆಲ್ಲ ನೋಡಿದ. ಅಷ್ಟರಲ್ಲಿ ಪರದೆಯ ಮೇಲೆ ಅವನು ಸತ್ತು ಆಗಿತ್ತು. ನಾನೊಬ್ಬನೇ ಇಬ್ಬರನ್ನು ಎದುರಿಸಿ, ಓಡಾಡುತ್ತಲೇ ಸತ್ತೆ. ಸೋತೆವು.

ಬಸ್ ಸ್ಟಾಪಿಗೆ ನಡೆದೆವು. ಬಸ್ ಬರುವ ಹೊತ್ತಿಗೆ ಕ್ಯಾಪ್ಟನ್ ಕೆಮ್ಮಿ ಹೇಳಿದ: "ನಮ್ಮನೇಲೂ ನಾನೇ ಕಣೋ ಎಣಿಸೋದು." ಬಸ್ ಹತ್ತುತ್ತಾ, "ಇವತ್ತಿನ ಫೈಲ್ ಡಿಲೀಟ್ ಮಾಡು ಮಗಾ. ಪ್ಲೀಸ್."

"ಮಾಡ್ತೀನಿ," ಅಂದೆ. "ಮೊದಲು ಕೂತು ರಿವ್ಯೂ ಮಾಡೋಣ."

ಇನ್ನೂ ರಿವ್ಯೂ ಮಾಡಿಲ್ಲ. ಫೈಲ್ ನನ್ನ ಹತ್ತಿರವೇ ಇದೆ. ಸೋಲದೇವನಹಳ್ಳಿಯ ಹುಡುಗನ ಮಾತನ್ನು ಕ್ಯಾಪ್ಟನ್ ಮತ್ತೆ ಎತ್ತಿಲ್ಲ.